ಹಗ್ಗ ಹಿಡಿಯುವವಳು

ನಲವತ್ತು ದಾಟಿದ ಮೇಲೆ ಬಾದಾಮಿಯಲ್ಲಿ ಬಂಡೆ ಹತ್ತುವುದನ್ನು ಕಲಿಯಲು ಹೋದಾಗ ನನಗೊಬ್ಬ ಗೆಳತಿ ಸಿಕ್ಕಳು. ಅವಳದು ಇಳಕಲ್ಲಿನಲ್ಲಿ ಸೀರೆ ಅಂಗಡಿ, ನಾನು ಬಾಗಲಕೋಟೆಯಲ್ಲಿ ಶಾಲೆಯ ಶಿಕ್ಷಕಿ. ಭಾನುವಾರ ಒಬ್ಬರು ಹತ್ತಿದರೆ ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದೆವು. ಕಾಲು ಜಾರಿದರೆ ತಡೆಯುವುದು ಆ ಕೈಗಳೇ. "ಬೀಳ್ರಿ ಅಕ್ಕೋರ, ನಾ ಹಿಡಿದೇನಿ!" ಎಂದು ಅವಳು ಕೂಗುತ್ತಿದ್ದಳು. ಮನೆಯಲ್ಲಿ ಯಾರಿಗೂ ಹೇಳದ ಸಂಕಟಗಳನ್ನು ನಾನು ಬಂಡೆಯ ನೆರಳಲ್ಲಿ ರೊಟ್ಟಿ ತಿನ್ನುತ್ತ ಅವಳಿಗೆ ಹೇಳಿಕೊಂಡಿದ್ದೆ.

ಮಳೆಗಾಲದಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ಚಳಿಗಾಲದ ಹೊತ್ತಿಗೆ ಎದ್ದು ಓಡಾಡಿ, ಒಂದು ಭಾನುವಾರ ಮತ್ತೆ ಬಂದಳು. ಬುತ್ತಿಯ ಗಂಟು ಬಿಚ್ಚಲು ಬಲಗೈ ಬೆರಳುಗಳು ಮಾತು ಕೇಳಲಿಲ್ಲ, ಹಲ್ಲಿನಿಂದ ಬಿಚ್ಚಿದಳು. ತಿಂದಾದ ಮೇಲೆ ನೇರವಾಗಿ ಬಂದು ನನ್ನ ಹಗ್ಗಕ್ಕೆ ಕೈ ಹಾಕಿದಳು.

"ಇವತ್ತು ಸರ್ ಹಿಡೀಲಿ ಬಿಡ್ರಿ," ಎಂದೆ. ನಮಗೆ ಹತ್ತಲು ಕಲಿಸಿದ ಸರ್ ಪಕ್ಕದಲ್ಲೇ ಇದ್ದರು.

"ಯಾಕ್ರಿ? ಕೈ ಬಿಟ್ಟು ನಿಮ್ಮನ್ನ ಕೊಲ್ತೇನೇನು?" ಎಂದು ನಕ್ಕಳು.

"ನನಗ ಅಂಜಿಕಿ ಆಗ್ತೈತ್ರಿ."

ಅವಳ ನಗು ನಿಂತಿತು. ಹಗ್ಗವನ್ನು ಸರ್ ಕೈಗಿಟ್ಟು, "ಖರೆ ಐತ್ರಿ. ನಾನಾದ್ರೂ ಕೊಡ್ತಿದ್ದಿಲ್ಲ," ಎಂದಳು.

ನಾನು ಹತ್ತಿ ಇಳಿಯುವಷ್ಟರಲ್ಲಿ ಅವಳು ಬಸ್ಸಿಗೆ ಹೊರಟುಹೋಗಿದ್ದಳು. ಈಗ ಫೋನ್ ಮಾಡಿದರೆ ಅವಳ ಗಂಡ ಎತ್ತಿ, "ಮಲಗ್ಯಾಳ್ರಿ," ಎನ್ನುತ್ತಾರೆ. ಅವರ ಹಿಂದಿನಿಂದ ಅವಳು ಯಾರಿಗೋ ಚಹಾ ತರಲು ಹೇಳುವ ದನಿ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. "ಎದ್ದ ಮ್ಯಾಲ ಹೇಳ್ರಿ," ಎಂದು ಇಟ್ಟುಬಿಡುತ್ತೇನೆ.