ಡಗ್ಗಾದ ಸದ್ದು ಕೇಳದ ದಿನಗಳು

ಇವತ್ತು ಬೆಳಿಗ್ಗೆ ಪಂಕ್ಚರ್ ಅಂಗಡಿಯ ಮುಂದೆ ಹಾದುಹೋಗುವಾಗ ಸೊಲ್ಯೂಷನ್ನಿನ ವಾಸನೆ ಬಂತು ನೋಡಿ, ನಡುರಸ್ತೆಯಲ್ಲೇ ನಗು ಉಕ್ಕಿತು. ಈಕೆಗೇನಾಯಿತೋ ಎಂದು ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಆ ಹಾರ್ನ್ ನನಗೆ ಚೆನ್ನಾಗಿಯೇ ಕೇಳಿಸಿತು. ಇದನ್ನೇಕೆ ಒತ್ತಿ ಹೇಳುತ್ತೇನೆಂದರೆ, ಅದಕ್ಕೊಂದು ಕತೆಯಿದೆ.

ಕಾಗವಾಡದ ನಮ್ಮ ಮನೆಯಲ್ಲಿ, ಮದುವೆಯ ಹೊಸತರಲ್ಲಿ ನಮ್ಮವರು ಮಿರಜಿನಿಂದ ತಂದ ಎರಡು ದೊಡ್ಡ ಸ್ಪೀಕರುಗಳಿವೆ. ಅವುಗಳ ನಡುವೆ ನನ್ನ ಹೊಲಿಗೆ ಮೆಷಿನ್ನು. ಭಜನೆಯ ಕ್ಯಾಸೆಟ್ ಹಚ್ಚಿದರೆ ತಬಲಾದ ಜೋಡಿ ಡಗ್ಗಾದ ಗುಮ್ ಗುಮ್ ಸದ್ದು ನೆಲದಿಂದ ಅಂಗಾಲಿಗೆ ಏರುತ್ತಿತ್ತು. ಆ ತಾಳಕ್ಕೇ ಪೆಡಲು ತುಳಿಯುತ್ತಿದ್ದೆ. ಅದರ ದೆಸೆಯಿಂದ ಎಷ್ಟು ಜಂಪರುಗಳ ಹೊಲಿಗೆ ಅಂಕುಡೊಂಕಾಯಿತೋ, ಗಿರಾಕಿಗಳು ಪುಣ್ಯವಂತರು, ಬಾಯಿಬಿಡಲಿಲ್ಲ. ಬರಬರುತ್ತ ಆ ಗುಮ್ ಎನ್ನುವುದು ಮಾಯವಾಯಿತು. ಹಾಡು ತಗಡಿನ ಡಬ್ಬಿಯೊಳಗಿಂದ ಬಂದಂತೆ ತೆಳ್ಳಗೆ ಕೇಳತೊಡಗಿತು. ಸ್ಪೀಕರಿನ ಮೇಲೆ ಸಂಶಯ ಬರಬೇಕಿತ್ತಲ್ಲ? ನನಗೆ ಬಂದದ್ದು ನನ್ನ ಕಿವಿಯ ಮೇಲೆ.

ಅದಕ್ಕೆ ಕಾರಣ ನಮ್ಮವ್ವ. ರಾಯಬಾಗದ ತವರಿನಲ್ಲಿ ಅವಳಿಗೆ ನನ್ನ ಆಗಿನ ವಯಸ್ಸಿನಲ್ಲೇ ಕಿವಿ ಮಂದವಾದವು. ಪಡಸಾಲೆಯಲ್ಲಿ ಎಲ್ಲರೂ ನಕ್ಕರೆ ತಾನೂ ನಕ್ಕು, ಆಮೇಲೆ ಮೆಲ್ಲಗೆ "ಏನಂದ್ರ?" ಎಂದು ಕೇಳುತ್ತಿದ್ದಳು. "ಏನಿಲ್ಲ ಬಿಡಬೇ" ಎನ್ನುತ್ತಿದ್ದರು ಮನೆಮಂದಿ. ಕಡೆಕಡೆಗೆ ಕೇಳುವುದನ್ನೇ ಬಿಟ್ಟಳು, ನಗುವುದನ್ನೂ. ಆ 'ಏನಿಲ್ಲ ಬಿಡು' ನನ್ನ ಪಾಲಿಗೂ ಬಂತಲ್ಲ ಎಂದುಕೊಂಡೆ. ತಲೆನೋವು ಬಂದರೂ ಮಿರಜಿಗೆ ಓಡುವ ಊರು ನಮ್ಮದು. ನಾನು ಮಾತ್ರ ಅಲ್ಲಿ ಕಿವಿ ಡಾಕ್ಟರರ ಬೋರ್ಡ್ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ.

ಹೀಗಿರುವಾಗ ಒಂದು ದಿನ ಧೂಳು ಹೊಡೆಯುತ್ತ ಸ್ಪೀಕರಿನ ಮುಂದಿನ ಬಟ್ಟೆಯ ಚೌಕಟ್ಟು ಕಳಚಿದೆ. ಒಳಗೆ ಕಾಗದದ ಬಟ್ಟಲು, ಅದರ ಸುತ್ತ ಸ್ಪಂಜಿನ ಅಂಚು. ಬೆರಳು ತಾಗಿದ್ದೇ ತಡ, ಅಂಚು ಸೀದ ಹಪ್ಪಳದಂತೆ ಉದುರಿತು. ಅದು ನೆಟ್ಟಗಿದ್ದರಲ್ಲವೇ ಬಟ್ಟಲು ಹಿಂದೆಮುಂದೆ ಆಡಿ ಡಗ್ಗಾ ನುಡಿಯುವುದು! ಅಯ್ಯೋ ದೇವರೇ, ದೋಷ ಇದರದ್ದೇ ಇದ್ದೀತೇ?

ಮಿರಜಿನ ಸ್ಪೀಕರ್ ಅಂಗಡಿಯವನು "ತಾಈ, ನವೀನಚ್ ಘ್ಯಾ ಕೀ" ಎಂದು ಮರಾಠಿಯಲ್ಲಿ ಹೊಸದನ್ನೇ ಕೊಳ್ಳಲು ಹೇಳಿ ಪೆಟ್ಟಿಗೆಗಳನ್ನು ತೋರಿಸಿದ. ಹೊಸದರ ದನಿ ಹೇಗಿರಬೇಕೆಂದು ನನಗೇನು ಗೊತ್ತು? ನನಗೆ ಬೇಕಿದ್ದದ್ದು ನನ್ನ ಅಂಗಾಲು ಬಲ್ಲ ಆ ಹಳೆಯ ಗುಮ್. ಅಂಚಿಗೆ ಕೂಡಿಸುವ ಸ್ಪಂಜಿನ ಬಳೆಗಳನ್ನೂ ಅಂಟನ್ನೂ ಕೊಂಡು ಬಂದೆ.

"ಜಂಪರ್ ಹೊಲದಂಗ ಅಂತ ತಿಳದಿಯೇನ?" ಎಂದರು ನಮ್ಮವರು.

"ತೋಳ ಕೂಡಸೂದಕಿಂತ ಸಸಾರ ಐತಿ, ಸುಮ್ಮನ ನೋಡ್ರಿ."

ಸಸಾರವೇನೂ ಇರಲಿಲ್ಲ. ಮೊದಲ ಬಳೆ ಒಂದು ಬದಿಗೆ ವಾಲಿ ಕೂತು, ಬಟ್ಟಲು ಒತ್ತಿದರೆ ಖರ್ ಎಂದು ಉಜ್ಜಿತು. ದರ್ಜಿಗೆ ಗೊತ್ತಿರುವ ಮದ್ದು ಒಂದೇ, ಬಿಚ್ಚಿ ಮತ್ತೆ ಕೂಡಿಸುವುದು. ಈ ಸಲ ತೋಳಿಗೆ ಹಾಕುವಂತೆ ಸುತ್ತಲೂ ಸೀಮೆಸುಣ್ಣದ ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಿಡಿದು ನಿಲ್ಲಿಸಿದೆ. ಮನೆಯೆಲ್ಲ ಪಂಕ್ಚರ್ ಅಂಗಡಿಯಂತೆ ಸೊಲ್ಯೂಷನ್ ವಾಸನೆ.

ಅಂಟು ಒಣಗಿತು. ಕ್ಯಾಸೆಟ್ ಹಚ್ಚಲು ಮಾತ್ರ ಕೈ ಏಳದು. ಈಗಲೂ ಕೇಳದಿದ್ದರೆ ಕಿವಿ ಹೋದದ್ದೇ ಖರೆಯಾಗುತ್ತದಲ್ಲ! ಏನೇನೋ ನೆವ ಹೇಳಿ ಮುಂದೂಡಿದೆ. ಕಡೆಗೆ ನಮ್ಮವರೇ ಬೇಸತ್ತು ಗುಂಡಿ ಒತ್ತಿದರು.

ಗುಮ್.

ಅಂಗಾಲಿಗೆ ಬಂತು. ನಾನು ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟೆ.

"ಯಾಕ, ಏನಾತ?"

"ಕಿವುಡಿ ಆದೆ ಅಂತ ತಿಳದಿದ್ದೆರಿ."

ನಮ್ಮವರು ಕುರ್ಚಿಯಲ್ಲಿ ಧಪ್ಪನೆ ಕೂತರು. "ಹುಚ್ಚಿ! ನನ್ನ ಕಿವೀನ ಹೋಗ್ಯಾವ ಅಂತ ನಾ ಬಾಯಿ ಮುಚ್ಚಗೊಂಡ ಕುಂತಿದ್ದೆ."

ಬಾಯಿ ಮುಚ್ಚಿಕೊಂಡದ್ದು ಆ ವಿಷಯವೊಂದಕ್ಕೆ. ಉಳಿದ ಮಾತೆಲ್ಲ ಇಬ್ಬರದೂ ಕೂಗಾಟವೇ, ತಾನು ಕೂಗಿದರೆ ಇನ್ನೊಬ್ಬರೂ ಕೂಗಿ ಉತ್ತರಿಸಲಿ ಎಂದು! ಓಣಿಯವರು ನಮ್ಮ ಸಂಸಾರವನ್ನು ಏನೆಂದುಕೊಂಡರೋ. ಅವತ್ತು ನಕ್ಕು ನಕ್ಕು ಎದೆ ಹಗುರಾಯಿತು.

ಇವತ್ತು ಆ ವಾಸನೆಯನ್ನು ನೆನೆಯುತ್ತ ಮನೆಗೆ ಬಂದು, ಭಜನೆ ಹಚ್ಚಿ, ಚಹಾ ಮಾಡಿ ಕೊಟ್ಟೆ. ನಮ್ಮವರು ಒಂದು ಗುಟುಕು ಕುಡಿದು, ಕಪ್ಪಿಗೇ ಹೇಳುವಂತೆ ಗೊಣಗಿದರು, "ಸಕ್ರಿ ಹಾಕೂದ ಮರತಾಳ. ಹೇಳಿದ್ರ ಜಗಳಾ."

"ಏನಂದ್ರಿ?"

"ಏನಿಲ್ಲ ಬಿಡ."

ನಾನು ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ಅವರ ಮುಂದಿಟ್ಟೆ.