ಮಗ್ಗದ ಮನೆಯಲ್ಲೊಂದು ಗಿನಿಪಿಗ್

2022ರ ಬೇಸಿಗೆ. ಆಗ ನಾನು ಗಜೇಂದ್ರಗಡದಲ್ಲಿ ಪಶುವೈದ್ಯಾಧಿಕಾರಿ. ಅದಕ್ಕೂ ಮೊದಲು ನರಗುಂದ ಮತ್ತು ರೋಣದಲ್ಲಿ ದುಡಿದಿದ್ದೆ. ಎಮ್ಮೆ, ಎತ್ತು, ಕುರಿ, ಆಡು, ನನ್ನ ಕೈ ಪಳಗಿದ್ದು ಇವುಗಳ ಮೇಲೆ. ಪುರ್ತಗೇರಿಯ ಕುರಿ ಕಾಯುವ ಮನೆತನ ನಮ್ಮದು. ನಮ್ಮಲ್ಲಿ ಹತ್ತನೆಯ ತರಗತಿ ದಾಟಿದವರಲ್ಲಿ ನಾನೇ ಮೊದಲಿಗ, ಬೀದರದಲ್ಲಿ ಬಿ.ವಿ.ಎಸ್ಸಿ. ಮುಗಿಸಿದೆ. ಬಾಗಿಲ ಬೋರ್ಡಿನಲ್ಲಿ ನನ್ನ ಹೆಸರಿಗೆ ಮೊದಲು ‘ಡಾ.’ ಎಂದು ಬರೆದದ್ದನ್ನು ಎಷ್ಟೋ ದಿನ ನಿಂತು ನೋಡಿ ಒಳಗೆ ಹೋಗಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದನ್ನು ನನಗೆ ಯಾರೂ ಪುಗಸಟ್ಟೆ ಕೊಟ್ಟಿಲ್ಲ.

ಒಂದು ಮುಂಜಾನೆ ಎಮ್ಮೆಗಳ ಪಾಳಿಯ ನಡುವೆ ಕೈಮಗ್ಗದ ಸೀರೆ ನೇಯುವ ಸಂಕಣ್ಣ ಒಂದು ಬುಟ್ಟಿ ಹಿಡಿದು ನಿಂತಿದ್ದರು. ಐವತ್ತರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ಎಮ್ಮೆಯವನೊಬ್ಬ ಬುಟ್ಟಿಯೊಳಗೆ ಇಣುಕಿ, “ಸಂಕಣ್ಣ, ಇದು ಹೊತ್ತಿಗೆ ಎಷ್ಟು ಲೀಟರ್ ಕೊಡತೈತೋ ಮಾರಾಯಾ?” ಅಂದ. ಪಾಳಿಯೆಲ್ಲ ನಕ್ಕಿತು.

“ಮೊಲ ಏನ್ರಿ?” ಎಂದು ಕೇಳಿದೆ.

“ಅಲ್ರಿ ಸಾಹೇಬ್ರ, ಗಿನಿಪಿಗ್. ಮತ್ತ ಹಂದಿ ಅಂತ ಕನ್ನಡದಾಗ ಹೇಳಬ್ಯಾಡ್ರಿ. ನಮ್ಮಾಕಿ ಕೇಳಿದ್ರ ಇದರ ಸಂಗಾಟ ನನ್ನೂ ಹೊರಗ ಹಾಕ್ತಾಳ.”

ನಾನು ಗಿನಿಪಿಗ್ ನೋಡಿದ್ದು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಸಾಲು ಸಾಲು ಪಂಜರಗಳಲ್ಲಿ. ಅದನ್ನು ಮನೆಯಲ್ಲಿ ಸಾಕಿದರೆ ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬ ಪಾಠ ನಮಗೆ ಇರಲಿಲ್ಲ. ಟೇಬಲ್ ಮೇಲೆ ಇಟ್ಟುಕೊಂಡೆ. ಕಂದು ಬಿಳುಪಿನ ಹೆಣ್ಣು. ತೂಕ 680 ಗ್ರಾಂ. ಪೂರ್ತಿ ಬೆಳೆದ ಹೆಣ್ಣು ಇನ್ನೂ ಕಾಲು ಕಿಲೋ ಹೆಚ್ಚಿರಬೇಕಿತ್ತು. ಆಗಾಗ ಸೀನುತ್ತಿತ್ತು. ಹಿಂಗಾಲುಗಳ ಅಂಗಾಲು ಕೆಂಪಾಗಿ ಉಬ್ಬಿ, ಒಂದರಲ್ಲಿ ಹುಣ್ಣಾಗಿತ್ತು. ಇದಕ್ಕೆ ಪೋಡೋಡರ್ಮಟೈಟಿಸ್ ಎನ್ನುತ್ತಾರೆ, ಅಂದರೆ ಅಂಗಾಲಿನ ಚರ್ಮದ ಉರಿಯೂತ. ಬಿಟ್ಟರೆ ಕೀವು ಎಲುಬಿಗೆ ಇಳಿದು ಪ್ರಾಣಿ ಸಾಯುತ್ತದೆ.

ತಂತಿ ಜಾಳಿಗೆಯ ನೆಲ ಇದಕ್ಕೆ ಮೊದಲ ಕಾರಣ. ಕೇಳಿದೆ. ಸಂಕಣ್ಣನವರಿಗೆ ಸಿಟ್ಟೇ ಬಂತು. “ಜಾಳಗಿ ಮ್ಯಾಲ ಇಡಾಕ ಅದೇನ್ ಫಾರಂ ಕೋಳಿ ಏನ್ರಿ? ಮೆತ್ತಗ ಹಾಸೀನಿ. ನಮ್ಮ ಮಗಳು ಹುಟ್ಟಿದಾಗ ಆಕಿಗೂ ಅಂಥಾ ಹಾಸಿಗಿ ಇರಲಿಲ್ಲ.”

ಎರಡನೆಯದು ವಿಟಮಿನ್ ಸಿ ಕೊರತೆ. ನಮ್ಮ ಹಾಗೆಯೇ ಗಿನಿಪಿಗ್‌ಗೂ ಅದು ಮೈಯಲ್ಲಿ ತಯಾರಾಗುವುದಿಲ್ಲ, ತಿಂದೇ ಪಡೆಯಬೇಕು. ಆದರೆ ಇವರು ದಿನಾ ಕೊತ್ತಂಬರಿ, ದೊಣ್ಣಮೆಣಸಿನಕಾಯಿ ಕೊಡುತ್ತಿದ್ದರು. ಅದೂ ಅಲ್ಲ. ಹುಣ್ಣು ತೊಳೆದು, ಔಷಧಿ ಕೊಟ್ಟು ಕಳಿಸಿದೆ.

ವಾರ ಬಿಟ್ಟು ಬಂದಾಗ ಇನ್ನೊಂದು ಕಾಲಿಗೂ ಹುಣ್ಣಾಗಿತ್ತು. ಸಂಕಣ್ಣ ಅವತ್ತು ಬಾಯಿ ಬಿಟ್ಟರು. ಧಾರವಾಡದಲ್ಲಿ ನರ್ಸಿಂಗ್ ಓದುವ ಮಗಳು ತಂದದ್ದಂತೆ. ಹಾಸ್ಟೆಲಿನಲ್ಲಿ ಇಡಗೊಡದ್ದಕ್ಕೆ ಮನೆಯಲ್ಲಿ ಬಿಟ್ಟುಹೋಗಿದ್ದಳು. ಎರಡಿದ್ದವು, ಒಂದು ಹೀಗೇ ಕಾಲು ಬಾತು ಸತ್ತಿತ್ತು. “ಇದಕ್ಕ ನಮ್ಮ ಮನಿ ಒಗ್ಗಂಗಿಲ್ಲ, ನರಗುಂದಕ್ಕ ನಮ್ಮ ಅಣ್ಣನ ಮನಿಗೆ ಕಳಸ್ರಿ ಅಂತಾಳ ನಮ್ಮಾಕಿ. ಅಲ್ಲಿ ಎರಡು ನಾಯಿ ಅದಾವ್ರಿ. ಕಳಿಸಿದ್ರ ಮುಗೀತು.”

ಮೆತ್ತನೆಯ ಹಾಸಿಗೆ, ಒಳ್ಳೆ ಮೇವು, ಆದರೂ ಕಾಲು ಕೊಳೆಯುತ್ತಿದೆ. ಇದು ಯಾವ ಪುಸ್ತಕದ ಲೆಕ್ಕಕ್ಕೂ ಕೂಡುತ್ತಿರಲಿಲ್ಲ. ನನಗೆ ತಡೆಯಲಿಲ್ಲ, ಮಧ್ಯಾಹ್ನ ಅವರ ಮನೆಗೇ ಹೋದೆ.

ಮುಂದಿನ ಕೋಣೆಯಲ್ಲಿ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ತುಳಿಯುತ್ತ ನೇಯುವ ಮಗ್ಗ. ಹೊರಗೆ ಉರಿಬಿಸಿಲು, ಒಳಗೆ ತಣ್ಣಗೆ. ಕುಣಿಯ ಪಕ್ಕದಲ್ಲೇ, ನೆಲದ ಮೇಲೆ, ಗಿನಿಪಿಗ್‌ನ ಕಟ್ಟಿಗೆ ಪೆಟ್ಟಿಗೆ. ಮನೆಯಲ್ಲೇ ಅತಿ ತಂಪಿನ ಜಾಗ ನೋಡಿ ಇಟ್ಟಿದ್ದರು. ಹಾಸಿಗೆ ಅಂದದ್ದು ಮಗ್ಗದಿಂದ ಉಳಿದ ತುಂಡು ನೂಲು, ಕೆಂಪು, ಹಳದಿ, ಹಸಿರು. ನೇಕಾರನ ಮನೆಯಲ್ಲಿ ಅದಕ್ಕಿಂತ ಮೆತ್ತಗಿನದು ಇನ್ನೇನಿದೆ?

ಅಷ್ಟರಲ್ಲಿ ಸಂಕಣ್ಣನವರ ಹೆಂಡತಿ ಶಾಂತವ್ವ ತಂಬಿಗೆ ಹಿಡಿದು ಬಂದು ನೆಲಕ್ಕೆಲ್ಲ ನೀರು ಚಿಮುಕಿಸಿದರು.

“ಯಾಕ್ರೀ ಅಕ್ಕಾರ ನೀರು?”

“ಹೊಡೀಲಿಲ್ಲಂದ್ರ ಎಳಿ ಹರಿತಾವ್ರಿ. ಹವಾ ಒಣಗಿದ್ರ ನೂಲು ತಡಿಯಂಗಿಲ್ಲ. ಬ್ಯಾಸಗ್ಯಾಗ ಮ್ಯಾಲಿಂದ ಮ್ಯಾಲ ಹೊಡಿಬೇಕು.”

ನಾನು ನೂಲಿನ ರಾಶಿಯೊಳಗೆ ಕೈ ತೂರಿಸಿದೆ. ಮೇಲೆ ಬೆಚ್ಚಗೆ, ಒಣ. ತಳಕ್ಕೆ ಹೋದ ಬೆರಳು ಒದ್ದೆಯಾಗಿ ಬಂತು. ನೆಲದ ಪಸೆಯನ್ನು ಪೆಟ್ಟಿಗೆ ಹೀರಿ, ಪೆಟ್ಟಿಗೆಯಿಂದ ನೂಲು ಹೀರಿ, ಅದರ ಮೇಲೆ ಮೂತ್ರವೂ ಸೇರಿ, ಪ್ರಾಣಿ ಹಗಲೂ ರಾತ್ರಿ ಹಸಿಯಲ್ಲಿ ನಿಂತಿತ್ತು. ಮುಂಗಾಲಿನ ಒಂದು ಬೆರಳಿಗೆ ಕೆಂಪು ಎಳೆ ಸುತ್ತಿಕೊಂಡು ಆಗಲೇ ಬಿಗಿಯತೊಡಗಿತ್ತು. ಸಣ್ಣ ಕತ್ತರಿಯಿಂದ ಬಿಡಿಸಿದೆ.

ಕಾರಣ ಸಿಕ್ಕಿತು, ಜಾಗ ಸಿಗಲಿಲ್ಲ. ನೀರು ನಿಲ್ಲಿಸಿದರೆ ಮಗ್ಗ ನಿಲ್ಲುತ್ತದೆ. ಅದನ್ನು ಕೇಳುವ ಹಕ್ಕು ನನಗಿರಲಿಲ್ಲ.

“ತೊಲಿಗೆ ಪಂಜರ ತೂಗು ಹಾಕ್ಲೇನ್ರಿ?” ಅಂದರು ಸಂಕಣ್ಣ.

“ಅದೇನ್ ಗಿಳಿ ಅಲ್ರಿ. ನೆಲದ ಮ್ಯಾಲ ಓಡಾಡೋ ಪ್ರಾಣಿ, ತೂಗಿದ್ರ ಅಂಜತೈತಿ. ನಿಮ್ಮ ಮಗ್ಗದ ಏಟಿಗೆ ತೊಲಿ ನಡಗತೈತಿ ಬ್ಯಾರೆ.”

ಹಿತ್ತಲು ಅಂದರೆ ಬೆಕ್ಕು, ಬೀದಿನಾಯಿ. ಹಿಂದಿನ ಕೋಣೆಗೆ ತಗಡು, ಮೂವತ್ತು ಡಿಗ್ರಿ ದಾಟಿದ ಸೆಕೆಯಲ್ಲಿ ಗಿನಿಪಿಗ್ ಬಳಲಿ ಬೀಳುತ್ತದೆ, ಅಲ್ಲಂತೂ ನಲವತ್ತು. ಉಳಿದದ್ದು ನಡುಮನೆ. ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಒಣಗಿದ ಕಲ್ಲಿನ ಕಟ್ಟೆ, ನೇರ ಬಿಸಿಲು ಬೀಳದ ಕಿಟಕಿ. ಹೇಳಿ ಮಾಡಿಸಿದ ಜಾಗ. ಆದರೆ ಆ ಕಟ್ಟೆಯ ಮೇಲೆ ಶಾಂತವ್ವನ ರಾಟಿ ಇತ್ತು. ಮಗ್ಗಕ್ಕೆ ಬೇಕಾದ ನೂಲು ಸುತ್ತುವುದು ಅವರು, ಬೆಳಕಿರುವುದು ಅಲ್ಲಿ ಮಾತ್ರ.

ಸಂಕಣ್ಣ ಹೆಂಡತಿಯ ಮುಖ ನೋಡಲಿಲ್ಲ. ನಾನೂ ಗೋಡೆಯತ್ತ ತಿರುಗಿದೆ.

“ಹಿಂಗ ಇಬ್ರೂ ಗ್ವಾಡಿ ನೋಡಕೋತ ನಿಂತ್ರ ನಾ ಏನ್ ತಿಳೀಲಿ?” ಅಂದರು ಶಾಂತವ್ವ. “ಎಷ್ಟು ಜಾಗಾ ಬೇಕು ಹೇಳ್ರಿ.”

“ನಾಕು ಫೂಟ್ ಉದ್ದ, ಎರಡು ಫೂಟ್ ಅಗಲರಿ.”

ಅವರು ಗೇಣಿನಿಂದ ಕಟ್ಟೆ ಅಳೆದರು. ರಾಟಿಯನ್ನು ಮೂಲೆಗೆ ಸರಿಸಿ ಕೂತು ನೋಡಿದರು. “ಕೈ ಆಡತೈತಿ. ಆದ್ರ ಹೊಲಸು ಬಳಿಯೋದು ಇವರ ಕೆಲಸ. ನಾ ಮುಟ್ಟಂಗಿಲ್ಲ.” ಆಮೇಲೆ ನನ್ನತ್ತ ತಿರುಗಿದರು. “ಡಾಕ್ಟ್ರ, ಅದರ ಕಾಲಿನ ಸಲುವಾಗಿ ಎರಡು ಸಲ ದವಾಖಾನಿಗೆ ಬಂದಾರಲ್ಲ, ಇವರ ಕಾಲು ಒಮ್ಮೆ ನೋಡ್ರಿ.”

ಸಂಕಣ್ಣ ಬ್ಯಾಡ ಬ್ಯಾಡ ಅನ್ನುತ್ತಲೇ ಅಂಗಾಲು ತೋರಿಸಿದರು. ಬೆಳ್ಳಗೆ ನೆನೆದು, ಬಿರಿದು, ಬೆರಳ ಸಂದಿಯಲ್ಲಿ ಹುಣ್ಣಾಗಿತ್ತು. ಕುಣಿಯೊಳಗೆ ಕೈ ಇಳಿಸಿ ನೋಡಿದೆ, ತಳದ ಮಣ್ಣು ಕೈಗೆ ಮೆತ್ತಿಕೊಂಡಿತು. ಅದೇ ನೆಲ, ಅದೇ ನೀರು. “ನಾ ಇದಕ್ಕ ಮುಲಾಮು ಬರದು ಕೊಡಾಕ ಬರಂಗಿಲ್ರಿ, ನಾ ದನದ ಡಾಕ್ಟ್ರು. ನಾಳೆ ಮನಷ್ಯಾರ ದವಾಖಾನಿಗೆ ಹೋಗ್ರಿ,” ಅಂದೆ. “ಹೊಕ್ಕಾರ ಬಿಡ್ರಿ,” ಅಂದರು ಶಾಂತವ್ವ. “ನಾ ಹಿಂದ ನಿಂತು ಕಳಸ್ತೀನಿ.”

ಸಂಕಣ್ಣ ಹಳೆಯ ಹಲಗೆಗಳಿಂದ ಪೆಟ್ಟಿಗೆ ಮಾಡಿದರು. ತಳ ಗಟ್ಟಿ ಹಲಗೆ, ಜಾಳಿಗೆ ಮುಚ್ಚಳಕ್ಕೆ ಮಾತ್ರ, ಬೆಕ್ಕು ಬಾರದ ಹಾಗೆ. ಕೆಳಗೆ ವೃತ್ತಪತ್ರಿಕೆ, ಮೇಲೆ ಸವಡಿ ಊರಿನಿಂದ ತಂದ ಒಣಹುಲ್ಲು, ಅದು ಹಾಸಿಗೆಯೂ ಹೌದು, ಮೇವೂ ಹೌದು. ಅಡಗಿಕೊಳ್ಳಲು ಅಡ್ಡ ಮಲಗಿಸಿದ ಹಳೆ ಮಡಕೆ. ಒದ್ದೆ ಹುಲ್ಲು ದಿನಾ ತೆಗೆಯಬೇಕೆಂದು ಹೇಳಿದ್ದೆ. ಒಂದೂವರೆ ತಿಂಗಳಿಗೆ ಹುಣ್ಣು ಮಾಯ್ದು, ಸೀನು ನಿಂತು, ತೂಕ 860 ಗ್ರಾಂ ಆಯಿತು. ನರಗುಂದದ ಮಾತು ಮತ್ತೆ ಬರಲಿಲ್ಲ. ನಾನು ಕೊನೆಯ ಸಲ ಹೋದಾಗ ಮಗ್ಗದ ಕುಣಿಯ ತಳಕ್ಕೂ ಹಲಗೆ ಬಿದ್ದಿತ್ತು. ತುಳಿಯುವಾಗ ಮೊದಮೊದಲು ಸಂಕಣ್ಣನವರ ಕಾಲಿಗೆ ಹೊಸದೆನಿಸಿತಂತೆ, ಆಮೇಲೆ ರೂಢಿಯಾಯಿತಂತೆ.

ಪ್ರಾಣಿಗೆ ಮನೆ ಆರಿಸುವುದೆಂದರೆ ಪೆಟ್ಟಿಗೆ ಆರಿಸುವುದು ಎಂದುಕೊಂಡಿದ್ದೆ. ಪೆಟ್ಟಿಗೆ ಯಾವ ನೆಲದ ಮೇಲೆ ಕೂತಿದೆ, ಆ ನೆಲದಲ್ಲಿ ಇನ್ಯಾರು ಕಾಲೂರಿದ್ದಾರೆ ಎಂದೂ ನೋಡಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಈಗಲೂ ಯಾರಾದರೂ ಪ್ರಾಣಿ ತಂದು ಟೇಬಲ್ ಮೇಲೆ ಇಟ್ಟರೆ, ಅದು ಮಲಗುವುದೆಲ್ಲಿ ಎಂದು ಮೊದಲು ಕೇಳುತ್ತೇನೆ. ಆಮೇಲೆ, ಅವರಿಗೆ ಗೊತ್ತಾಗದ ಹಾಗೆ, ತಂದವರ ಕಾಲನ್ನೂ ಒಮ್ಮೆ ನೋಡುತ್ತೇನೆ.