ನೇರಳೆ ಬ್ರೊಕೊಲಿಯ ಮೊದಲ ಕುಡಿ

ಮಸ್ಕತ್ತಿನ ಅಲ್ ಹೈಲ್‌ನ ಬಾಡಿಗೆ ಮನೆಯ ಅಂಗಳದಲ್ಲಿ ನಾನು ಬೆಂಡೆ, ಅಲಸಂಡೆ ಬೆಳೆಸುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಫೀಸಿನ ಡ್ರೈವರ್. ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು. ತಾಯಿ ತೀರಿಕೊಂಡರೆಂದು ಊರಿಗೆ ಹೋಗಿದ್ದವರು ಬರುವಾಗ ತಾಯಿಯ ಡಬ್ಬಿಯಲ್ಲಿದ್ದ ಬೀಜ ತಂದು ನನ್ನ ಕೈಗೆ ಕೊಟ್ಟರು. ನೇರಳೆ ಬ್ರೊಕೊಲಿ. ಮಾರ್ಚ್ ಕೊನೆಗೆ ಅವರು ಮಸ್ಕತ್ ಬಿಡುವವರಿದ್ದರು. ಅಷ್ಟರೊಳಗೆ ಒಂದು ಸಲ ತಿನ್ನಬೇಕೆಂದರು. ಆಗಲಿ ಸಾರ್ ಎಂದುಬಿಟ್ಟೆ.

ಅಕ್ಟೋಬರಿನಲ್ಲಿ ಬಿತ್ತಿದೆ. ಐದು ಸಸಿ ಎದ್ದವು. ಒಂದು ದಿನ ಗೇಟು ಹಾಕಲು ಮರೆತೆ, ನಾಲ್ಕನ್ನು ಆಡು ತಿಂದಿತು. ಉಳಿದ ಒಂದಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಾ ಬಂದೆ. ಫೆಬ್ರವರಿಯಲ್ಲಿ ಗಿಡದ ನಡುವೆ ನೇರಳೆ ಮೊಗ್ಗಿನ ಗೊಂಚಲು ಕಂಡಿತು. ಹೂಕೋಸಿನಷ್ಟು ದೊಡ್ಡದಾಗಲಿ ಎಂದು ಕಾದೆ.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದರೆ ಆ ಗೊಂಚಲು ದೇವರ ಫೋಟೋದ ಎದುರು ತಟ್ಟೆಯಲ್ಲಿತ್ತು.

"ಎಂತ ಮಾಡಿದ್ದು ಮಾರಾಯ್ತಿ! ಇದ್ದದ್ದೇ ಒಂದು!"

"ಹೊಸತು ಬಂದ್ರೆ ಮೊದಲು ದೇವರಿಗಲ್ವಾ? ನಿಮ್ಮ ಮ್ಯಾನೇಜರ್ ದೇವರಿಗಿಂತ ದೊಡ್ಡವರಾ?" ಎಂದಳು ಹೆಂಡತಿ.

"ಹೂಕೋಸು ಕೊಯ್ದ ಮೇಲೆ ಇನ್ನೊಂದು ಬಿಡ್ತದಾ? ಖಲಾಸ್!"

"ಇಟ್ಟದ್ದು ದೇವರಿಗಲ್ವಾ? ಅವನೇ ಕೊಡ್ಲಿ, ನೋಡುವ."

ಅವಳು ಅದನ್ನು ಸಾಂಬಾರಿಗೆ ಹಾಕಿದಳು. ಸಿಟ್ಟಿನಲ್ಲಿ ನಾನು ಮುಟ್ಟಲಿಲ್ಲ.

ಮರುದಿನ ಕಾರಿನಲ್ಲಿ ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಕ್ಕರು.

"ನಡುವಿನದ್ದು ತಾನೆ? ಅಮ್ಮನೂ ಮೊದಲು ಅದನ್ನೇ ಕೊಯ್ಯುತ್ತಿದ್ದದ್ದು. ಇನ್ನು ಬದಿಯಲ್ಲಿ ಬರುತ್ತದೆ."

ಎರಡು ವಾರಕ್ಕೆ ಎಲೆಗಳ ಕಂಕುಳಿನಿಂದ ಬೆರಳುದ್ದದ ಕುಡಿಗಳು ಬಂದವು. ಅವರು ಹೊರಡುವ ವಾರದ ಶುಕ್ರವಾರ ಊಟಕ್ಕೆ ಕರೆದೆವು. ಹೆಂಡತಿ ದಂಟಿನ ಸಮೇತ ಹೆಚ್ಚಿ, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು ಒಗ್ಗರಣೆ ಕೊಟ್ಟು, ತೆಂಗಿನತುರಿ ಹಾಕಿ ಪಲ್ಯ ಮಾಡಿದಳು. ಬೆಂದದ್ದೇ ನೇರಳೆ ಹೋಗಿ ಹಸಿರಾಯಿತು.

"ಬೇರೆ ಎಂತದೋ ಬಡಿಸಿದ್ದು ಅಂತ ಎಣಿಸ್ತಾರಾ ಏನೋ," ಎಂದು ಅವಳಿಗೆ ಹೆದರಿಕೆ.

ಅವರು ಮೊದಲು ಒಂದು ದಂಟು ಬಾಯಿಗಿಟ್ಟರು. ಮೆಣಸಿಗೆ ಮೂಗು ಕೆಂಪಾಯಿತು.

"ಅಮ್ಮ ಬರೇ ಬೇಯಿಸಿ ಬೆಣ್ಣೆ ಹಾಕುತ್ತಿದ್ದರು," ಎಂದರು. ತಟ್ಟೆಯಲ್ಲಿದ್ದ ಪಲ್ಯವನ್ನೆಲ್ಲ ಮುಗಿಸಿದರು. ಆಮೇಲೆ, "ಇನ್ನೂ ಇದೆಯಾ?" ಎಂದು ಕೇಳಿದರು.

ಪಾತ್ರೆ ಖಾಲಿಯಾಗಿತ್ತು. ಹೆಂಡತಿ ನನ್ನ ಮುಖ ನೋಡಿ, ಒಳಗೆ ಹೋಗಿ, ನಮ್ಮಿಬ್ಬರಿಗೆಂದು ತೆಗೆದಿಟ್ಟದ್ದನ್ನು ತಂದು ಅವರಿಗೇ ಬಡಿಸಿದಳು. ನಾವು ಸಾರಿನಲ್ಲೇ ಊಟ ಮುಗಿಸಿದೆವು.